ಸತ್ತ ನದಿ ಎಂಬ ಸುಲಭದ ಸಾಲು

ಕಳೆದ ವರ್ಷ ಒಂದು ಕಾಲೇಜಿನ ಕನ್ನಡ ಸಂಘದವರು ತಮ್ಮ ಕವನ ಸ್ಪರ್ಧೆಗೆ ತೀರ್ಪುಗಾರನಾಗಬೇಕೆಂದು ನನ್ನನ್ನು ಕೇಳಿಕೊಂಡಿದ್ದರು. ವಿಷಯ ‘ನದಿ’. ಕವಿತೆಗಳ ಕಟ್ಟು ಬಿಚ್ಚುವಾಗ ಕಾವೇರಿ, ತುಂಗೆ, ನೇತ್ರಾವತಿ ಸಿಗುತ್ತವೆ ಅಂದುಕೊಂಡಿದ್ದೆ. ಅವೂ ಇದ್ದವು. ಆದರೆ ಹೆಚ್ಚಿನವು ವೃಷಭಾವತಿಯ ಮೇಲೆ ಬರೆದವು. ಕಾಲೇಜು ಮೈಸೂರು ರಸ್ತೆಯ ಕಡೆಯದು. ನಾಯಂಡಹಳ್ಳಿ ದಾಟಿ ಮೆಟ್ರೊದಲ್ಲಿ ಬರುವ ಮಕ್ಕಳು ಕಿಟಕಿಯಿಂದ ದಿನಾ ಕಾಣುವ ಕಪ್ಪು ನೀರನ್ನೇ ವಸ್ತುವಾಗಿ ಆರಿಸಿಕೊಂಡಿದ್ದರು. ನನಗೆ ಸಂತೋಷವೇ ಆಯಿತು. ಕಣ್ಣೆದುರಿನ ನದಿಯನ್ನು ಬಿಟ್ಟು ಕಾಣದ ನದಿಗೆ ಕೈಮುಗಿಯುವ ಅಭ್ಯಾಸ ನಮ್ಮ ತಲೆಮಾರಿನದು. ಇವರು ಅದನ್ನು ಮುರಿದಿದ್ದಾರೆ ಅನ್ನಿಸಿತು.

ಹತ್ತು ಕವಿತೆ ಓದುವಷ್ಟರಲ್ಲಿ ಆ ಸಂತೋಷ ಕರಗಿತು. ಒಂದೆರಡನ್ನು ಬಿಟ್ಟರೆ ಎಲ್ಲದರಲ್ಲೂ ನದಿ ಸತ್ತಿತ್ತು. ಸತ್ತ ರೀತಿಯೂ ಒಂದೇ. ಮೊದಲು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ ತಿಳಿನೀರು. ಆಮೇಲೆ ಅಜ್ಜಿಯೋ ಮುತ್ತಜ್ಜಿಯೋ ಕೊಡ ಹಿಡಿದು ಬರುವ ಚಿತ್ರ. ಅದರ ಬೆನ್ನಿಗೆ ನಗರ, ಕಾರ್ಖಾನೆ, ದುರಾಸೆ. ಕೊನೆಗೆ ನೊರೆಯೇ ಶವವಸ್ತ್ರ, ಮೋರಿಯೇ ಸ್ಮಶಾನ, ‘ಓ ತಾಯಿ ಕ್ಷಮಿಸು’ ಎಂಬಂಥ ಮುಕ್ತಾಯ. ಇದನ್ನು ಗೇಲಿಗೆ ಹೇಳುತ್ತಿಲ್ಲ. ವಿದ್ಯಾರ್ಥಿಯಾಗಿದ್ದಾಗ ನಾನೇ ಇಂಥದ್ದೊಂದು ಪದ್ಯವನ್ನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆದಿದ್ದೆ. ಈ ಬಾರಿಯ ಮೊದಲ ಬಹುಮಾನವನ್ನೂ ಅಂಥದ್ದೇ ಒಂದು ಶೋಕಗೀತೆಗೆ ಕೊಟ್ಟೆ. ಛಂದಸ್ಸು ಗೊತ್ತಿದ್ದ ಹುಡುಗ, ಲಯ ಚೆನ್ನಾಗಿತ್ತು.

ಗುಂಪಿಗೆ ಸೇರದ ಒಂದು ಕವಿತೆಯೂ ಕಟ್ಟಿನಲ್ಲಿತ್ತು. ಬರೆದವಳು ಕೆಂಗೇರಿ ಕಡೆಯ ಹುಡುಗಿ. ನದಿಯ ಹೆಸರು ಶೀರ್ಷಿಕೆಯಲ್ಲಿ ಮಾತ್ರ. ಕವಿತೆಯಲ್ಲಿ ಇದ್ದದ್ದು ಮನೆಯ ಬೆಳ್ಳಿ ಕುಂಕುಮ ಭರಣಿ. ಅದು ವಾರಕ್ಕೊಮ್ಮೆ ಕಪ್ಪಾಗುತ್ತದೆ, ಪ್ರತಿ ಗುರುವಾರ ರಾತ್ರಿ ಅಮ್ಮ ವಿಭೂತಿ ಹಾಕಿ ಉಜ್ಜುತ್ತಾಳೆ, ಶುಕ್ರವಾರ ಬೆಳಿಗ್ಗೆ ಹೊಳೆಯುತ್ತದೆ, ಮತ್ತೆ ಕಪ್ಪಾಗುತ್ತದೆ. ಅಷ್ಟೆ. ನಾನು ಅಂಚಿನಲ್ಲಿ ‘ವರದಿಯಂತಿದೆ, ಕಾವ್ಯವಾಗಿಲ್ಲ’ ಎಂದು ಬರೆದು ಪಕ್ಕಕ್ಕಿಟ್ಟೆ. ಈ ಲೇಖನ ಆ ಷರಾದ ಬಗ್ಗೆ.

ತೀರ್ಪು ಕೊಟ್ಟ ಕೆಲವು ತಿಂಗಳ ಮೇಲೆ ಬಿಡದಿ ಹತ್ತಿರದ ಬೈರಮಂಗಲಕ್ಕೆ ಹೋಗಬೇಕಾಯಿತು. ಬೆಂಗಳೂರು ಬಿಟ್ಟ ವೃಷಭಾವತಿ ಅಲ್ಲಿಯ ಜಲಾಶಯಕ್ಕೆ ಬಂದು ಬೀಳುತ್ತದೆ. 1940ರ ದಶಕದಲ್ಲಿ ಸುತ್ತಲ ಜಮೀನಿಗೆ ನೀರುಣಿಸಲು ಕಟ್ಟಿದ ಕೆರೆ ಅದು. ಕಾಲುವೆ ಬದಿಯಲ್ಲಿ ಸೀಮೆಹುಲ್ಲು ಕೊಯ್ಯುತ್ತಿದ್ದ ವಯಸ್ಸಾದ ರೈತರೊಬ್ಬರು ಮಾತಿಗೆ ಸಿಕ್ಕರು. ನಾನು ಮೇಷ್ಟರು ಎಂದು ತಿಳಿದ ಮೇಲೆ ಹುಲ್ಲಿನ ಹೊರೆ ಕೆಳಗಿಟ್ಟು ಕೂತರು. ಮಾತಿನ ನಡುವೆ ನಾನು ಅಭ್ಯಾಸಬಲದಿಂದ, “ಹೊಳೆ ಸತ್ತೇ ಹೋಯಿತಲ್ಲ ಯಜಮಾನ್ರೇ” ಅಂದೆ.

ಅವರು ನಕ್ಕರು. “ಸತ್ತೋಗೈತೆ ಅಂತ ನೀವಂತೀರಿ ಮೇಷ್ಟ್ರೇ. ಸತ್ತಿದ್ದು ಹಿಂಗೆ ಹಗಲೂ ರಾತ್ರಿ ಹರೀತದಾ? ನಮ್ಮಪ್ಪನ ಕಾಲ್ದಾಗೆ ಬ್ಯಾಸ್ಗೆ ಬಂತು ಅಂದ್ರೆ ಹೊಳೆ ಒಣಗೋದು, ಮರಳಾಗೆ ಒರತೆ ತೋಡ್ತಿದ್ವಿ. ಈಗ ಒಂದಿನಾನಾ ನಿಂತೈತಾ ಕೇಳಿ. ಇದ್ಕೆ ಸಾವು ಬಂದಿಲ್ಲ. ಪುರುಸೊತ್ತಿಲ್ಲ, ಅಷ್ಟೇಯ.”

ಬಸ್ಸಿನಲ್ಲಿ ವಾಪಸು ಬರುವಾಗ ಆ ‘ಪುರುಸೊತ್ತಿಲ್ಲ’ ಎಂಬ ಮಾತು ತಲೆಯಿಂದ ಹೋಗಲಿಲ್ಲ. ನಾನು ಬಹುಮಾನ ಕೊಟ್ಟ ಕವಿತೆಯನ್ನೂ, ಹಿಂದೆ ಬರೆದಿದ್ದ ನನ್ನ ಪದ್ಯವನ್ನೂ ಅದು ಒಂದೇ ಏಟಿಗೆ ಸುಳ್ಳು ಮಾಡಿಬಿಟ್ಟಿತ್ತು. ಭಾವನೆಯ ಮಟ್ಟದಲ್ಲಿ ಸುಳ್ಳು ಅಂತಲ್ಲ, ವಾಸ್ತವದ ಮಟ್ಟದಲ್ಲಿಯೇ ಸುಳ್ಳು.

ವಾಸ್ತವ ಏನು ನೋಡೋಣ. ಬೆಂಗಳೂರು ಒಂದು ದಿಣ್ಣೆಯ ಮೇಲಿರುವ ಊರು. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯತ್ತ ಹೋದರೆ, ಪಶ್ಚಿಮದ ಇಳಿಜಾರಿನ ನೀರು ವೃಷಭಾವತಿ ಸೇರುತ್ತದೆ. ದೊಡ್ಡ ಬಸವಣ್ಣನ ಪಾದ ಇದರ ಮೂಲ ಎನ್ನುವುದು ಸ್ಥಳಪುರಾಣ. ಮಲ್ಲೇಶ್ವರದಲ್ಲಿ ಕಾಡು ಮಲ್ಲೇಶ್ವರನ ಎದುರಿನ ನಂದಿ ತೀರ್ಥವನ್ನು ಇನ್ನೊಂದು ಮೂಲವಾಗಿ ತೋರಿಸುತ್ತಾರೆ. ಎಲ್ಲಿ ಹುಟ್ಟಿದರೂ ಅದು ದೊಡ್ಡ ನದಿಯಾಗಿರಲಿಲ್ಲ. ಮಳೆಗಾಲದಲ್ಲಿ ಉಕ್ಕಿ, ಬೇಸಿಗೆಯಲ್ಲಿ ಕೆರೆಕಟ್ಟೆಗಳ ಬಸಿನೀರಿನಲ್ಲಿ ಬದುಕುವ ಬಯಲುಸೀಮೆಯ ಹೊಳೆ. ಮೈಸೂರು ರಸ್ತೆಯ ಪಕ್ಕದಲ್ಲೇ ಸಾಗಿ, ಕೆಂಗೇರಿ ದಾಟಿ, ಬೈರಮಂಗಲಕ್ಕೆ ಬಂದು, ಮುಂದೆ ಸುವರ್ಣಮುಖಿಯೊಂದಿಗೆ ಕೂಡಿ, ಕನಕಪುರದ ಕಡೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯಾಗುತ್ತದೆ.

ಇಂಥ ಹೊಳೆ ವರ್ಷಪೂರ್ತಿ ಹರಿಯತೊಡಗಿದ್ದು ಹೇಗೆ? ಉತ್ತರ ನಮ್ಮ ನಲ್ಲಿಯಲ್ಲಿದೆ. ಬೆಂಗಳೂರು ಮೊದಲು ಅರ್ಕಾವತಿಯ ನೀರು ಕುಡಿಯಿತು. 19ನೇ ಶತಮಾನದ ಕೊನೆಯಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದು ಸಾಲದಾದಾಗ 1974ರಲ್ಲಿ ಕಾವೇರಿ ಬಂದಳು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ನೀರು. ಮೊದಲ ನಾಲ್ಕು ಹಂತಗಳು ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರ್. 2024ರಲ್ಲಿ ಉದ್ಘಾಟನೆಯಾದ ಐದನೇ ಹಂತದ್ದು ಇನ್ನೂ 77.5 ಕೋಟಿ ಲೀಟರ್. ಇದರ ಮೇಲೆ ಕೊಳವೆ ಬಾವಿಗಳ ನೀರು ಬೇರೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡಾ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ಮಾಮೂಲಿ ಲೆಕ್ಕ. ಪಶ್ಚಿಮ ಬೆಂಗಳೂರಿನ ಈ ಪಾಲು ಇಳಿಯುವುದು ವೃಷಭಾವತಿಗೆ. ಅಂದರೆ ಈ ನದಿಯಲ್ಲಿ ಈಗ ಹರಿಯುತ್ತಿರುವುದರ ದೊಡ್ಡ ಭಾಗ ನಾವು ಬಳಸಿ ಬಿಟ್ಟ ಕಾವೇರಿ. ಎತ್ತಿದ ಜಾಗಕ್ಕಿಂತ ಕೆಳಗೆ, ಸಂಗಮದಲ್ಲಿ, ಅದು ಮತ್ತೆ ಕಾವೇರಿಗೇ ಸೇರುತ್ತದೆ. ನನ್ನ ಮನೆ ರಾಜರಾಜೇಶ್ವರಿ ನಗರದಲ್ಲಿ. ಬೆಳಿಗ್ಗೆ ನಾನು ಮುಖ ತೊಳೆದ ನೀರು ಈ ಸುತ್ತಿನಲ್ಲಿದೆ.

ನಮ್ಮ ಸಾಹಿತ್ಯದಲ್ಲಿ ನದಿಗೆ ಎರಡು ಸಿದ್ಧ ಪ್ರಕಾರಗಳಿವೆ. ಒಂದು ಸ್ತುತಿ, ಇನ್ನೊಂದು ಶೋಕ. ಸ್ತುತಿಯಲ್ಲಿ ನದಿ ತಾಯಿ, ದೇವಿ, ನಾಡಿನ ನಾಡಿ. ಶೋಕದಲ್ಲಿ ಅದೇ ತಾಯಿ ಮೋಸಹೋದವಳು, ಕೊಲೆಯಾದವಳು. ಶೋಕವು ಸ್ತುತಿಯ ಇನ್ನೊಂದು ಮುಖವೇ. ಮೊದಲು ದೇವಿ ಮಾಡಿಕೊಂಡರೆ ತಾನೇ ಆಮೇಲೆ ಶವ ಮಾಡಲು ಬರುವುದು? ಎರಡರಲ್ಲೂ ಕಾಣದ ಒಂದು ಸಂಗತಿಯಿದೆ: ನದಿ ಕೆಲಸ ಮಾಡುತ್ತದೆ ಎಂಬುದು, ಆ ಕೆಲಸಕ್ಕಾಗಿ ಬೇರೆ ಬೇರೆ ಜನ ಅದರ ಮೇಲೆ ಹಕ್ಕು ಸಾಧಿಸುತ್ತಾರೆ ಎಂಬುದು.

ಶೋಕವೇ ತಪ್ಪು ಎನ್ನುತ್ತಿಲ್ಲ. ನಾ. ಡಿಸೋಜರ ‘ದ್ವೀಪ’ ನೆನಪಿಸಿಕೊಳ್ಳಿ. ಅಣೆಕಟ್ಟಿನ ಹಿನ್ನೀರು ಏರುತ್ತಿದೆ, ಊರು ಖಾಲಿಯಾಗುತ್ತಿದೆ, ಗುಡ್ಡದ ಮೇಲಿನ ಒಂದು ಮನೆ ದ್ವೀಪವಾಗುತ್ತಿದೆ. 2002ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದಾಗ ಊರ ಕಡೆ ನೀರು ಬರುವುದೇ ಭಯ ಹುಟ್ಟಿಸುತ್ತಿತ್ತು. ಆ ಕೃತಿಯ ಶಕ್ತಿ ಎಲ್ಲಿದೆ? ಯಾರಿಗೋ ಬೆಳಕು ಬೇಕು, ಅದಕ್ಕೆ ಇನ್ಯಾರದೋ ಮನೆ ಮುಳುಗಬೇಕು ಎಂಬ ನಿಜವಾದ ಎದುರುಬದುರು ಅಲ್ಲಿದೆ. ಕಳೆದುಕೊಳ್ಳುವವರಿಗೆ ಮನೆಯಿದೆ, ಹಟವಿದೆ, ಪರಿಹಾರದ ಲೆಕ್ಕವಿದೆ. ನಮ್ಮ ವೃಷಭಾವತಿ ಪದ್ಯಗಳಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಅಳುವವನು ಒಬ್ಬ, ಸತ್ತದ್ದು ಒಂದು, ಕೊಂದದ್ದು ‘ಮನುಷ್ಯನ ದುರಾಸೆ’. ದುರಾಸೆಗೆ ವಿಳಾಸವಿಲ್ಲ. ಅದರ ಮನೆಯಲ್ಲಿ ಕಕ್ಕಸಿಲ್ಲ, ನಲ್ಲಿಯಿಲ್ಲ.

ವಿಳಾಸ ಹುಡುಕಿದರೆ ಸಿಗುವುದು ಒಬ್ಬನಲ್ಲ, ಒಂದು ಸಾಲು. ಮೊದಲನೆಯವರು ನಾವೇ, ಕೊಳಚೆ ಕಣ್ಮರೆಯಾದರೆ ಸಾಕು ಎನ್ನುವ ಲಕ್ಷಾಂತರ ಮನೆಯವರು. ನಮಗೆ ನದಿಯೆಂದರೆ ಇಳಿಜಾರು. ಎರಡನೆಯವರು ಕಾರ್ಖಾನೆಗಳವರು, ಲೋಹಕ್ಕೆ ಲೇಪ ಹಾಕುವ, ಬಣ್ಣ ಅದ್ದುವ ಸಣ್ಣಪುಟ್ಟ ಘಟಕಗಳವರು. ಮೂರನೆಯವರು ಪ್ರವಾಹಕ್ಕೆ ಹೆದರುವವರು. ಜೋರು ಮಳೆಗೆ ಮೈಸೂರು ರಸ್ತೆಯ ಮೇಲೆ ನೀರು ನುಗ್ಗಿದಾಗ ಅವರು ಕೇಳುವುದು ಎತ್ತರದ ಕಾಂಕ್ರೀಟ್ ಗೋಡೆ, ನೇರವಾದ ಪಾತ್ರ. ನಾಲ್ಕನೆಯವರು ಜಾಗ ಬೇಕಾದವರು. ರಸ್ತೆಗೆ, ಬಡಾವಣೆಗೆ, ಗೋದಾಮಿಗೆ ಹೊಳೆಯ ದಂಡೆಯಷ್ಟು ಅಗ್ಗದ ನೆಲ ಬೇರೆಲ್ಲಿ ಸಿಕ್ಕೀತು? ಐದನೆಯವರು ಬೈರಮಂಗಲದ ರೈತರು. ಅವರಿಗೆ ಈ ನೀರೇ ಬೇಕು, ಬೇಸಿಗೆಯಲ್ಲೂ ಬೇಕು. ಆರನೆಯವರು ಇತ್ತೀಚೆಗೆ ಸೇರಿಕೊಂಡವರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆಯಲ್ಲ, ಅದೇ ಮಾದರಿಯಲ್ಲಿ ವೃಷಭಾವತಿ ಕಣಿವೆಯ ನೀರನ್ನೂ ಸಂಸ್ಕರಿಸಿ ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಏರಿಸಬೇಕೆಂಬ ಯೋಜನೆಯವರು. ಏಳನೆಯವರು ಕೆಳಗೆ, ಅರ್ಕಾವತಿಯ ದಂಡೆಯಲ್ಲಿ, ಬಂದದ್ದನ್ನು ಅನುಭವಿಸುವವರು.

ಪ್ರತಿಯೊಬ್ಬರ ಬೇಡಿಕೆಯೂ ಪ್ರತ್ಯೇಕವಾಗಿ ಕೇಳಿದರೆ ನ್ಯಾಯವೇ ಅನ್ನಿಸುತ್ತದೆ. ಗೋಡೆ ಕಟ್ಟುವುದನ್ನೇ ತೆಗೆದುಕೊಳ್ಳಿ. ಮನೆಗೆ ನೀರು ನುಗ್ಗಿದವರಿಗೆ ಗೋಡೆ ಬೇಡ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಗೋಡೆ ಎದ್ದಲ್ಲಿ ನೀರು ನೆಲಕ್ಕೆ ಇಳಿಯುವುದಿಲ್ಲ. ದಂಡೆಯ ಜೊಂಡು, ಅದರೊಳಗಿನ ಕಪ್ಪೆ, ಹುಳ, ಹಕ್ಕಿ ಇರುವುದಿಲ್ಲ. ಕೊಳೆಯನ್ನು ಅಷ್ಟಿಷ್ಟು ಜೀರ್ಣಿಸುತ್ತಿದ್ದ ಕೆಸರು ಮತ್ತು ಬೇರು ಇರುವುದಿಲ್ಲ. ಮಳೆಯ ನೀರು ತಡೆಯಿಲ್ಲದೆ ಓಡಿ ಕೆಳಗಿನವರ ಮೇಲೆ ಇನ್ನೂ ಜೋರಾಗಿ ಬೀಳುತ್ತದೆ. ಒಬ್ಬರ ರಕ್ಷಣೆ ಇನ್ನೊಬ್ಬರ ಪ್ರವಾಹ.

ಕೊಳಚೆಯದ್ದೂ ಹೀಗೇ. ನೀರಿನಲ್ಲಿ ಬಂದ ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ತಿನ್ನುವಾಗ ನೀರಿನೊಳಗಿನ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಮೀನು ಬದುಕುವಷ್ಟು ಆಮ್ಲಜನಕ ಉಳಿಯುವುದಿಲ್ಲ. ಆಮೇಲೆ ಆಮ್ಲಜನಕವಿಲ್ಲದೆ ಬದುಕುವ ಇನ್ನೊಂದು ಜಾತಿಯ ಸೂಕ್ಷ್ಮಜೀವಿಗಳು ಕೆಲಸ ಮುಂದುವರಿಸುತ್ತವೆ. ಅವು ಬಿಡುವ ಅನಿಲಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಒಂದು. ಕೊಳೆತ ಮೊಟ್ಟೆಯ ವಾಸನೆ ಅದರದ್ದು. ಅದು ಬೆಳ್ಳಿಯ ಮೇಲೆ ಕೂತರೆ ಬೆಳ್ಳಿ ಕಪ್ಪಾಗುತ್ತದೆ.

ಇದನ್ನು ಓದಿಕೊಂಡ ದಿನ ಆ ಹುಡುಗಿಯ ಭರಣಿ ನೆನಪಾಗಿ ನನಗೆ ನಾಚಿಕೆಯಾಯಿತು. ಉಳಿದೆಲ್ಲ ಕವಿತೆಗಳಲ್ಲಿ ನದಿ ದೂರದಲ್ಲಿ ಶವವಾಗಿ ಮಲಗಿತ್ತು. ಅವಳ ಕವಿತೆಯಲ್ಲಿ ಅದು ಕಿಟಕಿಯಿಂದ ಒಳಗೆ ಬಂದು, ಗೂಡಿನಲ್ಲಿದ್ದ ಭರಣಿಯನ್ನು ಮುಟ್ಟಿ ಹೋಗಿತ್ತು. ಅಲ್ಲಿ ನದಿಯ ಕೆಲಸವೂ ಇತ್ತು, ಅಮ್ಮನ ಕೆಲಸವೂ ಇತ್ತು. ನದಿಗೆ ಬಿಡುವಿಲ್ಲದ್ದರಿಂದ ಅಮ್ಮನಿಗೂ ಗುರುವಾರ ರಾತ್ರಿ ಬಿಡುವಿಲ್ಲ. ರೈತರು ಒಂದು ಮಾತಿನಲ್ಲಿ ಹೇಳಿದ್ದನ್ನು ಅವಳು ಒಂದು ವಸ್ತುವಿನಲ್ಲಿ ಹೇಳಿದ್ದಳು. ನಾನು ಅದನ್ನು ವರದಿ ಎಂದು ಕರೆದಿದ್ದೆ.

ಬೈರಮಂಗಲದ ಕತೆ ಇನ್ನೂ ತೊಡಕಿನದು. ಅಲ್ಲಿ ಮೊದಲು ಭತ್ತ ಬೆಳೆಯುತ್ತಿದ್ದರು. ಕೊಳಚೆಯ ಸಾರಜನಕ ಅತಿಯಾದಾಗ ಭತ್ತದ ಪೈರು ಹಸಿರಾಗಿ ಎತ್ತರಕ್ಕೆ ಬೆಳೆಯುತ್ತದೆ, ಕಾಳು ಕಟ್ಟುವಾಗ ಜಳ್ಳು, ಗಾಳಿ ಬಂದರೆ ನೆಲಕ್ಕೆ. ರೈತರು ಬೆಳೆ ಬದಲಿಸಿದರು. ಸೀಮೆಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತೆಂಗು. ಹುಲ್ಲು ಬಂದ ಮೇಲೆ ಹಸು ಬಂತು, ಹಸು ಬಂದ ಮೇಲೆ ಡೇರಿ. ಗೊಬ್ಬರದ ಖರ್ಚು ಕಡಿಮೆ, ನೀರಿಗೆ ಬರವಿಲ್ಲ. ಸುತ್ತಲ ಒಣಭೂಮಿಯ ರೈತರು ಕೊಳವೆ ಬಾವಿ ಬತ್ತಿತೆಂದು ಕೂತಿದ್ದಾಗ ಇವರ ಹುಲ್ಲು ವರ್ಷವಿಡೀ ಹಸಿರು. ನಾನು ಮಾತಾಡಿಸಿದ ಯಜಮಾನರು ಆ ಹುಲ್ಲಿನ ದುಡ್ಡಲ್ಲೇ ಮಗಳ ಮದುವೆ ಮಾಡಿದರಂತೆ.

ಅದೇ ಯಜಮಾನರು ಪಂಚೆ ಎತ್ತಿ ಮೊಣಕಾಲ ಕೆಳಗಿನ ಗಾಯಗಳನ್ನೂ ತೋರಿಸಿದರು. ನೀರಿಗಿಳಿದರೆ ತುರಿಕೆ. ಮನೆಯ ಬಾವಿಯ ನೀರನ್ನು ಕುಡಿಯುವುದು ಬಿಟ್ಟು ವರ್ಷಗಳಾದವು, ಕ್ಯಾನ್ ನೀರು ತರುತ್ತಾರೆ. ಕೆರೆಯ ಕೋಡಿಯಲ್ಲಿ ನೀರು ಬೀಳುವಾಗ ಮಾರ್ಜಕಗಳು ಗಾಳಿಯೊಂದಿಗೆ ಕಡೆದು ನೊರೆ ಏಳುತ್ತದೆ, ಗಾಳಿಗೆ ಹೊಲದ ಮೇಲೆ ಹಾರುತ್ತದೆ. ಈ ನದಿಯ ನೀರು, ಮಣ್ಣು, ಇಲ್ಲಿ ಬೆಳೆದ ತರಕಾರಿಗಳನ್ನು ಪರೀಕ್ಷಿಸಿದ ಸಂಶೋಧಕರು ಭಾರಲೋಹಗಳು ಸೇರಿರುವುದನ್ನು ಮತ್ತೆ ಮತ್ತೆ ತೋರಿಸಿದ್ದಾರೆ. ಮನೆ ಕೊಳಚೆಯನ್ನು ಶುದ್ಧ ಮಾಡಲು ಕಟ್ಟಿದ ಘಟಕಗಳನ್ನು ಲೋಹ ತೆಗೆಯುವುದಕ್ಕೆಂದು ವಿನ್ಯಾಸ ಮಾಡಿರುವುದಿಲ್ಲ. ಹಾಗಾಗಿ ಕಾರ್ಖಾನೆಯದ್ದನ್ನು ಕಾರ್ಖಾನೆಯಲ್ಲೇ ತಡೆಯಬೇಕು. ಮನೆಯದ್ದೂ ಕಾರ್ಖಾನೆಯದ್ದೂ ಒಂದಾಗಿ ಹರಿದ ಮೇಲೆ ಬೇರ್ಪಡಿಸುವುದು ಹೊಂಗೆ ಎಣ್ಣೆಯಲ್ಲಿ ಬಿದ್ದ ಹಾಲನ್ನು ತೆಗೆದಂತೆ.

ಈಗ ಹೇಳಿ, ಇದಕ್ಕೆ ಪರಿಹಾರ ಯಾವುದು? ನೀರನ್ನು ಪೂರ್ತಿ ಶುದ್ಧ ಮಾಡಿದರೆ ರೈತರ ಪುಕ್ಕಟೆ ಗೊಬ್ಬರ ಹೋಗುತ್ತದೆ. ಅದು ಹೋದರೂ ಸರಿ, ತುರಿಕೆ ಹೋಗಲಿ ಎನ್ನಬಹುದು. ಶುದ್ಧ ಮಾಡಿ ತುಮಕೂರಿನ ಕಡೆಗೆ ಏರಿಸಿದರೆ ಅಲ್ಲಿಯ ಕೆರೆಗೆ ಜೀವ ಬರುತ್ತದೆ, ಇಲ್ಲಿಯ ಹುಲ್ಲಿಗೆ ನೀರು ಕಡಿಮೆಯಾಗುತ್ತದೆ. ಕೊಳಚೆ ಕೆರೆಗೆ ಸೇರದಂತೆ ಬಳಸಿ ಸಾಗಿಸುವ ಕಾಲುವೆಯೊಂದನ್ನು ಬೈರಮಂಗಲದಲ್ಲಿ ಮಾಡಲು ಹೊರಟಾಗಲೂ ಇದೇ ಪ್ರಶ್ನೆ ಎದ್ದಿತ್ತು. ಕೆರೆ ಚೊಕ್ಕವಾಗಬಹುದು, ಆದರೆ ಕೆರೆಯಲ್ಲಿ ನಿಂತು ಅಷ್ಟಿಷ್ಟು ತಿಳಿಯಾಗುತ್ತಿದ್ದ ನೀರು ಈಗ ನಿಲ್ಲದೆ ಕೆಳಗಿನವರ ಬಾಗಿಲಿಗೆ ಹೋಗುವುದಿಲ್ಲವೇ? ಇವೆಲ್ಲ ಪ್ರಶ್ನೆಗಳಲ್ಲಿ ಜಗಳವಿದೆ. ನದಿ ಬದುಕಿದೆ ಎಂದು ಒಪ್ಪಿಕೊಂಡವರ ನಡುವೆ ಮಾತ್ರ ಈ ಜಗಳ ಸಾಧ್ಯ. ಹೆಣದ ಮೇಲೆ ನೀರಿನ ಹಕ್ಕಿಗಾಗಿ ಯಾರೂ ವಾದ ಮಾಡುವುದಿಲ್ಲ.

‘ಸತ್ತಿದೆ’ ಎಂಬ ಮಾತಿನ ಅನುಕೂಲ ಇರುವುದೇ ಇಲ್ಲಿ. ನಮ್ಮಲ್ಲಿ ಸಾವಿಗೆ ಸೂತಕವಿದೆ. ಹತ್ತು ಹನ್ನೊಂದು ದಿನ ದೂರ ಇರಬೇಕು, ಮುಟ್ಟಬಾರದು, ಆಮೇಲೆ ಸ್ನಾನ ಮಾಡಿದರೆ ಮುಗಿಯಿತು. ಶೋಕಗೀತೆ ಬರೆದು ಮುಗಿಸಿದವನಿಗೂ ಹಾಗೇ ಹಗುರಾಗುತ್ತದೆ. ಅತ್ತಾಯಿತು, ತಿಥಿ ಆಯಿತು, ಇನ್ನು ಬಾಧ್ಯತೆ ಇಲ್ಲ. ಸತ್ತ ನದಿಗೆ ಇನ್ನೊಂದಿಷ್ಟು ಕೊಳಚೆ ಬಿಟ್ಟರೆ ಯಾರಿಗೂ ಕೊಲೆಯ ಪಾಪ ಬರುವುದಿಲ್ಲ. ಅದರ ಮೇಲೆ ಚಪ್ಪಡಿ ಮುಚ್ಚಿ ರಸ್ತೆ ಮಾಡಿದರೆ ಸಮಾಧಿ ಕಟ್ಟಿದಂತೆ ಪುಣ್ಯವೇ ಬಂದೀತು. ಕವಿ ಯಾವ ಉದ್ದೇಶದಿಂದ ಬರೆದಿದ್ದರೂ, ನದಿಯನ್ನು ಚರಂಡಿಯಾಗಿ ಬಳಸುವವರಿಗೆ ಬೇಕಾದ ಮರಣಪತ್ರವನ್ನು ಅವನೇ ಸಹಿ ಮಾಡಿ ಕೊಟ್ಟಂತಾಗುತ್ತದೆ.

ಪದಗಳನ್ನೂ ಸ್ವಲ್ಪ ನೋಡಬೇಕು. ಜನರ ಬಾಯಲ್ಲಿ ಇದು ‘ಕೆಂಗೇರಿ ಮೋರಿ’. ಕಡತದಲ್ಲಿ ‘ರಾಜಕಾಲುವೆ’. ಭಾಷಣದಲ್ಲಿ ‘ಪುರಾಣಪ್ರಸಿದ್ಧ ವೃಷಭಾವತಿ’. ಒಂದೇ ನೀರಿಗೆ ಮೂರು ಹೆಸರು, ಮೂರು ಬೇರೆ ಬೇರೆ ಜವಾಬ್ದಾರಿ. ಮೋರಿಗೆ ಯಾರೂ ಜವಾಬ್ದಾರರಲ್ಲ. ರಾಜಕಾಲುವೆ ಎಂದರೆ ಒಂದು ಕಾಲಕ್ಕೆ ಕೆರೆಯಿಂದ ಕೆರೆಗೆ ನೀರು ಒಯ್ಯುವ ಹಿರಿಯ ಕಾಲುವೆ. ಈಗ ಆ ಪದ ಕೇಳಿದರೆ ಒತ್ತುವರಿ, ತೆರವು, ಹೂಳು ಇಷ್ಟೇ ನೆನಪಾಗುತ್ತವೆ. ಇನ್ನು ಪುರಾಣದ ನದಿಗೆ ಬೇಕಾದ್ದು ಪೂಜೆ. ಈ ಮೂರರಲ್ಲಿ ಹಳ್ಳಿಯವರು ಇನ್ನೂ ಬಳಸುವ ‘ಹೊಳೆ’ ಎಂಬ ಪದ ಸೇರಿಲ್ಲ. ಹೊಳೆ ಎಂದಾಗ ದಂಡೆಯಿದೆ, ಹಂಚಿಕೊಳ್ಳುವ ಸರದಿಯಿದೆ, ಮೇಲಿನೂರಿನವರು ಕೆಳಗಿನೂರಿನವರಿಗೆ ಉತ್ತರ ಕೊಡಬೇಕಾದ ರೂಢಿಯಿದೆ. ನಾನು ಇಷ್ಟು ದಿನ ನದಿ ನದಿ ಎಂದೆ. ಯಜಮಾನರು ಒಂದು ಸಲವೂ ಆ ಪದ ಬಳಸಲಿಲ್ಲ.

ಮೋರಿ ಎಂಬ ಪದದೊಳಗೆ ಜಾತಿಯೂ ಇದೆ. ಮೋರಿಗೆ ಇಳಿಯುವವರು ಯಾರು ಎಂಬುದನ್ನು ಈ ಊರು ಬಹಳ ಹಿಂದೆಯೇ ಗೊತ್ತು ಮಾಡಿಟ್ಟಿದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 2013ರಲ್ಲಿ ಹೊಸ ಕಾನೂನು ಬಂದ ಮೇಲೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ನಿಂತಿಲ್ಲ. ನದಿಯ ಸಾವಿಗೆ ಅಳುವ ನಮ್ಮ ಪದ್ಯಗಳಲ್ಲಿ ಅವರು ಕಾಣುವುದಿಲ್ಲ. ರೂಪಕದ ಸಾವು ನಿಜವಾದ ಸಾವನ್ನು ಮುಚ್ಚುತ್ತದೆ.

ನನ್ನ ಈ ವಾದಕ್ಕೆ ಒಬ್ಬ ಗೆಳೆಯ ಗಟ್ಟಿಯಾದ ಆಕ್ಷೇಪ ಎತ್ತಿದ. “ನದಿ ಬದುಕಿದೆ ಅಂತ ನೀನು ಬರೆದರೆ ಹಾಳು ಮಾಡಿದವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಏನೂ ಆಗಿಲ್ಲ, ರೈತರಿಗೆ ಲಾಭವೇ ಆಗಿದೆ ಅನ್ನುತ್ತಾರೆ. ಸತ್ತಿದೆ ಅಂತ ಕೂಗಿದ್ದಕ್ಕೇ ಅಷ್ಟಿಷ್ಟು ಜನ ಎದ್ದು ಬಂದಿರೋದು.” ಅವನು ಹೇಳುವುದರಲ್ಲಿ ಹುರುಳಿದೆ. ಶೋಕ ಜನರನ್ನು ಸೇರಿಸುತ್ತದೆ, ಮೌನ ಸೇರಿಸುವುದಿಲ್ಲ. ಮೀನಿಲ್ಲದ ನೀರನ್ನು ಆರೋಗ್ಯವಾಗಿದೆ ಎಂದು ನಾನೂ ಹೇಳಲಾರೆ. ಆದರೆ ಬದುಕಿದೆ ಎನ್ನುವುದೂ ಚೆನ್ನಾಗಿದೆ ಎನ್ನುವುದೂ ಒಂದೇ ಅಲ್ಲ. ಗಾಣಕ್ಕೆ ಕಟ್ಟಿದ ಎತ್ತು ಬದುಕಿರುತ್ತದೆ. ಅದು ಸತ್ತಿದೆ ಎಂದು ಅಳುವವನಿಗಿಂತ, ದಿನಕ್ಕೆ ಎಷ್ಟು ಸುತ್ತು, ಯಾರ ಎಣ್ಣೆಗೆ, ನೊಗದ ಕೆಳಗೆ ಎಷ್ಟು ಗಾಯ ಎಂದು ಕೇಳುವವನೇ ಎತ್ತಿಗೆ ಹತ್ತಿರದವನು. ವೃಷಭದ ಹೆಸರು ಹೊತ್ತ ಹೊಳೆಗೆ ಈ ಪ್ರಶ್ನೆ ಕೇಳುವುದು ಅಸಂಗತವೇನಲ್ಲ.

ಹಾಗೆ ಕೇಳುವ ಬರವಣಿಗೆಗೆ ಕನ್ನಡದಲ್ಲಿ ಮಾದರಿ ಇಲ್ಲವೇ? ನದಿಯ ಮೇಲಿನ ಪುಸ್ತಕಗಳಲ್ಲಿ ಹುಡುಕಿದರೆ ಸಿಗಲಾರದು. ನನಗೆ ಸಿಕ್ಕದ್ದು ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ. ಅರ್ಕಾವತಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿ ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದ ಅವರು ಹಸಿವು, ಅವಮಾನ, ಕೇರಿಯ ಬದುಕು ಎಲ್ಲವನ್ನೂ ಬರೆದರು. ಶೋಕಿಸಲು ಅವರಿಗಿಂತ ಹೆಚ್ಚು ಕಾರಣ ಯಾರಿಗಿತ್ತು? ಆದರೂ ಆ ಪುಸ್ತಕ ಗೋಳಾಡುವುದಿಲ್ಲ. ನಗುತ್ತದೆ, ಮನುಷ್ಯರನ್ನು ಒಬ್ಬೊಬ್ಬರಾಗಿ ಕಾಣಿಸುತ್ತದೆ, ಯಾರು ಎಲ್ಲಿ ಮಲಗಿದರು, ಏನು ತಿಂದರು ಎಂದು ಹೇಳುತ್ತದೆ. ಓದಿದವನಿಗೆ ಕನಿಕರಪಟ್ಟು ಎದ್ದು ಹೋಗುವ ಅವಕಾಶ ಸಿಗುವುದಿಲ್ಲ. ಹೊಳೆಯ ಬಗ್ಗೆ ಬರೆಯುವವರು ಅಲ್ಲಿಂದ ಕಲಿಯಬೇಕಾದ್ದು ಶೈಲಿಯನ್ನಲ್ಲ, ಆ ಹತ್ತಿರದ ನೋಟವನ್ನು.

ಈ ಮಾತು ಓದುತ್ತಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಮುಂದಿನ ಸಲ ಹೊಳೆಯ ಮೇಲೆ ಬರೆಯುವಾಗ ‘ಸತ್ತಿದೆ’ ಎಂಬ ಪದವನ್ನು ಒಂದು ದಿನದ ಮಟ್ಟಿಗೆ ಬದಿಗಿಡಿ. ನಿಮ್ಮ ಮನೆಯ ಬಚ್ಚಲ ನೀರು ಯಾವ ರಸ್ತೆಯ ಕೆಳಗೆ ಹೋಗಿ ಎಲ್ಲಿ ಹೊರಬೀಳುತ್ತದೆ ಎಂದು ವಿಚಾರಿಸಿ. ಅದರ ದಂಡೆಯಲ್ಲಿ ಯಾರ ಮನೆಯ ಕಿಟಕಿ ಯಾವ ಹೊತ್ತಿಗೆ ಮುಚ್ಚುತ್ತದೆ ಎಂದು ನೋಡಿ. ಯಾರಿಗೆ ಆ ನೀರು ಬೇಕು, ಯಾರಿಗೆ ಬೇಡ ಎಂದು ಕೇಳಿ. ಕವಿತೆ ಆಗುತ್ತದೋ ಬಿಡುತ್ತದೋ, ಕನಿಷ್ಠ ಸುಳ್ಳಾಗುವುದಿಲ್ಲ.

ಆ ಹುಡುಗಿಯ ಅಧ್ಯಾಪಕರ ಮೂಲಕ ಅವಳಿಗೆ ಒಂದು ಪತ್ರ ಕಳಿಸಿದೆ. ನನ್ನ ಷರಾ ತಪ್ಪಾಗಿತ್ತು, ಕವಿತೆಯನ್ನು ಸರಿಯಾಗಿ ಓದಲಿಲ್ಲ ಎಂದು ಬರೆದೆ. ಬಹುಮಾನ ಬದಲಿಸಲು ಆಗುವುದಿಲ್ಲ, ಮೊದಲ ಬಹುಮಾನದ ಹುಡುಗನದೇನೂ ತಪ್ಪಿಲ್ಲ. ಅವಳ ಉತ್ತರ ನಾಲ್ಕು ಸಾಲಿನದು. “ಸರ್, ಅದನ್ನು ನಾನು ಬರೆದದ್ದಲ್ಲ, ಅಮ್ಮ ಹೇಳುತ್ತಾ ಇರೋದನ್ನೇ ಬರೆದೆ. ಈಗ ಅಮ್ಮ ಬೆಳ್ಳಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾರೆ. ಸ್ಟೀಲಿನ ಭರಣಿ ತಂದಿದ್ದಾರೆ. ಹೊಸ ಕವಿತೆ ಬರೆದರೆ ಕಳಿಸಲಾ?”

ಕಳಿಸು ಎಂದಿದ್ದೇನೆ. ಈ ಸಲ ಪೆನ್ಸಿಲ್ ಪಕ್ಕಕ್ಕಿಟ್ಟು ಓದುತ್ತೇನೆ.